ಆ್ಯಪ್ ಸ್ಟೋರ್‌ಗಳಲ್ಲಿ ಅರ್ಜಿ ಸಲ್ಲಿಕೆ ಮತ್ತು ಪರಿಶೀಲನೆ: ಸಕಾಲದ ಅಳತೆಗೋಲಿನಲ್ಲಿ ಒಂದು ಅವಲೋಕನ

ಸರ್ಕಾರದ ಸೇವೆಗಳನ್ನು ಕೋರುವ ನಾಗರಿಕರು ಇಂದು ನಾಡಕಚೇರಿಯ ಕೌಂಟರಿನ ಮುಂದೆ ನಿಲ್ಲುವುದಕ್ಕೆ ಮೊದಲೇ ಇನ್ನೊಂದು ಕೌಂಟರನ್ನು ದಾಟಿರುತ್ತಾರೆ. ಅದು ಅವರ ಮೊಬೈಲ್ ದೂರವಾಣಿಯಲ್ಲಿರುವ ಆ್ಯಪ್ ಸ್ಟೋರ್. ರೈತರ ಬೆಳೆ ಸಮೀಕ್ಷೆಯ ಆ್ಯಪ್, ಸರ್ವೆ ನಂಬರಿನ ಗಡಿಯನ್ನು ನಕ್ಷೆಯ ಮೇಲೆ ತೋರಿಸುವ ದಿಶಾಂಕ್, ಕೇಂದ್ರ ಸರ್ಕಾರದ ಉಮಂಗ್ ಮುಂತಾದವುಗಳು ಬಹುತೇಕ ನಾಗರಿಕರ ಕೈ ಸೇರುವುದು ಖಾಸಗಿ ಕಂಪನಿಯೊಂದು ನಡೆಸುವ ಸ್ಟೋರ್‌ನ ಮೂಲಕವೇ. ಯಾವ ಆ್ಯಪ್ ಅಲ್ಲಿ ಇರಬಹುದು, ಯಾವುದು ಇರಕೂಡದು, ತಿದ್ದುಪಡಿ ಮಾಡಿದ ಆವೃತ್ತಿ ಯಾವ ದಿನ ಬಿಡುಗಡೆಯಾಗಬೇಕು ಎಂಬುದನ್ನು ಆ ಕಂಪನಿಯ ಪರಿಶೀಲನಾ ವಿಭಾಗವು ತೀರ್ಮಾನಿಸುತ್ತದೆ.

ಈ ಪರಿಶೀಲನೆಯೂ ಒಂದು ಅರ್ಜಿ ವಿಲೇವಾರಿಯೇ ಆಗಿದೆ. ಆ್ಯಪ್ ಸಿದ್ಧಪಡಿಸಿದ ಡೆವಲಪರ್ ಇಲ್ಲಿ ಅರ್ಜಿದಾರರು. ಸ್ಟೋರ್ ನಡೆಸುವ ಕಂಪನಿಯು ವಿಲೇವಾರಿ ಮಾಡುವ ಪ್ರಾಧಿಕಾರ. ಜಾತಿ ಪ್ರಮಾಣಪತ್ರಕ್ಕೋ ಖಾತೆ ಬದಲಾವಣೆಗೋ ಅರ್ಜಿ ಸಲ್ಲಿಸಿ ಕಾದ ಅನುಭವವಿರುವ ಕರ್ನಾಟಕದ ನಾಗರಿಕರಿಗೆ ಇಲ್ಲಿನ ಸಮಸ್ಯೆಗಳು ಹೊಸತೆನಿಸಲಾರವು. ಅರ್ಜಿ ತಲುಪಿತೇ, ಯಾರ ಬಳಿ ಇದೆ, ಎಷ್ಟು ದಿನ ಬೇಕು, ತಿರಸ್ಕರಿಸಿದ್ದು ಏತಕ್ಕೆ, ಇನ್ನು ಯಾರನ್ನು ಕೇಳಬೇಕು ಎಂಬವೇ ಇಲ್ಲಿಯೂ ಪ್ರಶ್ನೆಗಳು. ಇವುಗಳಿಗೆ ಉತ್ತರ ನೀಡುವ ಕಾನೂನು ರಾಜ್ಯದ ಕಚೇರಿಗಳಿಗೆ 2012ರಿಂದ ಅನ್ವಯವಾಗಿದೆ. ಆ್ಯಪ್ ಸ್ಟೋರ್‌ಗಳಿಗೆ ಅಂತಹ ಕಟ್ಟುಪಾಡು ಇನ್ನೂ ಪೂರ್ಣವಾಗಿ ಬಂದಿಲ್ಲ. ಈ ಅಂತರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾರಾಯಣಪುರದ ಉದಾಹರಣೆ

ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಬಸವಸಾಗರ ಜಲಾಶಯವನ್ನು ನಿರ್ಮಿಸಲಾಗಿದೆ. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ಭಾಗದ ಜಮೀನುಗಳಿಗೆ ನೀರುಣಿಸುತ್ತದೆ. ಈ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಸಮೀಪದ ಕೊಡೇಕಲ್‌ನಲ್ಲಿ ಪ್ರಧಾನಮಂತ್ರಿಯವರು ಉದ್ಘಾಟಿಸಿದರು. ಯೋಜನೆಯ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕಲಬುರಗಿ, ಯಾದಗಿರಿ ಮತ್ತು ವಿಜಯಪುರ ಜಿಲ್ಲೆಗಳ 560 ಗ್ರಾಮಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಇದರಿಂದ ಅನುಕೂಲವಾಗುವುದೆಂದು ಪ್ರಕಟಿಸಲಾಗಿತ್ತು.

ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಬರುವ ದಿನವೇ ಮುಖ್ಯ. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂಬ ವಾರಾಬಂದಿಯನ್ನು ನೀರಾವರಿ ಸಲಹಾ ಸಮಿತಿಯ ತೀರ್ಮಾನದಂತೆ ಪ್ರಕಟಿಸಲಾಗುತ್ತದೆ; ಜಲಾಶಯದ ಮಟ್ಟವನ್ನು ನೋಡಿಕೊಂಡು ಅದನ್ನು ಬದಲಾಯಿಸುವುದೂ ಉಂಟು. ಈಗ ನಾರಾಯಣಪುರದ ಒಬ್ಬ ಪದವೀಧರ ಯುವಕನು ತನ್ನ ಊರಿನ ವಿತರಣಾ ಕಾಲುವೆಗೆ ನೀರು ಬರುವ ದಿನಗಳನ್ನು ಕನ್ನಡದಲ್ಲಿ ತಿಳಿಸುವ ಒಂದು ಸಣ್ಣ ಆ್ಯಪ್ ಸಿದ್ಧಪಡಿಸಿದನೆಂದು ಭಾವಿಸೋಣ. ಆತನು ಏನೇನು ಮಾಡಬೇಕಾಗುತ್ತದೆ ಎಂಬುದನ್ನು ನೋಡಿದರೆ ಇಡೀ ವ್ಯವಸ್ಥೆಯ ಸ್ವರೂಪ ತಿಳಿಯುತ್ತದೆ.

ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲು ಒಂದು ಬಾರಿಯ ಶುಲ್ಕ 25 ಅಮೆರಿಕನ್ ಡಾಲರ್. ಆಪಲ್ ಸಂಸ್ಥೆಯ ಸ್ಟೋರ್ ಆದಲ್ಲಿ ಇದು ಪ್ರತಿ ವರ್ಷವೂ 99 ಡಾಲರ್. ಹಣ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯದು. 2023ರ ನವೆಂಬರ್ ಮಧ್ಯಭಾಗದ ನಂತರ ವೈಯಕ್ತಿಕ ಖಾತೆ ತೆರೆದವರು ತಮ್ಮ ಆ್ಯಪನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡುವ ಮುನ್ನ ಕನಿಷ್ಠ 20 ಮಂದಿ ಪರೀಕ್ಷಕರಿಂದ ಸತತ 14 ದಿನ ಪರೀಕ್ಷೆ ನಡೆಸಬೇಕೆಂದು ಗೂಗಲ್ ನಿಯಮ ಮಾಡಿತು. ಆಕ್ಷೇಪಣೆಗಳು ಬಂದ ಮೇಲೆ 2024ರ ಡಿಸೆಂಬರ್‌ನಲ್ಲಿ ಪರೀಕ್ಷಕರ ಸಂಖ್ಯೆಯನ್ನು 12ಕ್ಕೆ ಇಳಿಸಲಾಯಿತು. ಆ ನಂತರ ಬಿಡುಗಡೆಗೆ ಅನುಮತಿ ಕೋರಿ ಪ್ರತ್ಯೇಕ ಮನವಿ ಸಲ್ಲಿಸಬೇಕು. ಅದಾದ ಮೇಲೆ ಆ್ಯಪ್‌ನ ಪರಿಶೀಲನೆ. ಇದಕ್ಕೆ ಏಳು ದಿನಗಳವರೆಗೆ, ವಿಶೇಷ ಸಂದರ್ಭಗಳಲ್ಲಿ ಅದಕ್ಕಿಂತಲೂ ಹೆಚ್ಚು ಸಮಯ ಹಿಡಿಯಬಹುದೆಂದು ಕಂಪನಿಯೇ ತಿಳಿಸುತ್ತದೆ. ಒಂದು ಸರದಿಯ ನೀರು ಕಾಲುವೆಯಲ್ಲಿ ಹರಿದು ಮುಗಿಯುವುದಕ್ಕೆ ಇಷ್ಟು ದಿನ ಸಾಕು.

ಹನ್ನೆರಡು ಮಂದಿ ಸ್ನೇಹಿತರನ್ನು ನಾರಾಯಣಪುರದಲ್ಲಿ ಹುಡುಕುವುದು ಕಷ್ಟವೇನಲ್ಲ. ಆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರಬೇಕು, ಹದಿನಾಲ್ಕು ದಿನವೂ ಅವರು ಪಟ್ಟಿಯಿಂದ ಹೊರಹೋಗಕೂಡದು. ಮನೆಗೊಂದೇ ಫೋನ್ ಇರುವಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆದವರಿಗೆ ಈ ನಿಯಮವಿಲ್ಲ. ಆದರೆ ಅವರು ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಎಂಬ ಕಂಪನಿ ನೀಡುವ ಒಂಬತ್ತು ಅಂಕಿಗಳ ಡನ್ಸ್ ಸಂಖ್ಯೆಯನ್ನು ಒದಗಿಸಬೇಕು. ಕಳಪೆ ಮತ್ತು ಮೋಸದ ಆ್ಯಪ್‌ಗಳನ್ನು ತಡೆಯುವುದೇ ನಿಯಮದ ಉದ್ದೇಶವೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಣ ಪಡೆದು ಪರೀಕ್ಷಕರನ್ನು ಒದಗಿಸಿಕೊಡುವ ವ್ಯವಹಾರವೊಂದು ಅಂತರಜಾಲದಲ್ಲಿ ಅದರ ಬೆನ್ನಿಗೇ ಹುಟ್ಟಿಕೊಂಡಿತು. ಮೋಸಗಾರನು ಆ ಹಣವನ್ನು ಕೊಟ್ಟು ಮುಂದೆ ಹೋಗುತ್ತಾನೆ. ಪ್ರಾಮಾಣಿಕನು ಸ್ನೇಹಿತರ ಮನೆ ಸುತ್ತುತ್ತಾನೆ. ಅಫಿಡವಿಟ್ ಕಡ್ಡಾಯ ಮಾಡಿದೊಡನೆ ಕಚೇರಿಯ ಗೇಟಿನ ಬಳಿ ಅಫಿಡವಿಟ್ ಮಾರುವವರು ಕುಳಿತುಕೊಳ್ಳುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು.

ಪರಿಶೀಲನೆ ಏಕೆ ಅವಶ್ಯಕ

ಪರಿಶೀಲನೆಯೇ ಬೇಡವೆಂಬ ವಾದವನ್ನು ಒಪ್ಪಲಾಗದು. ಇದಕ್ಕೆ ಸಾಲದ ಆ್ಯಪ್‌ಗಳ ಪ್ರಕರಣವೇ ಸಾಕ್ಷಿ. ತತ್‌ಕ್ಷಣ ಸಾಲ ನೀಡುವುದಾಗಿ ಆಮಿಷ ತೋರಿ, ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನೂ ಛಾಯಾಚಿತ್ರಗಳನ್ನೂ ಪಡೆದುಕೊಂಡು, ಮರುಪಾವತಿಯ ಹೆಸರಿನಲ್ಲಿ ಸಾಲಗಾರರ ಬಂಧುಗಳಿಗೆ ಕರೆ ಮಾಡಿ ಅವಮಾನಿಸುತ್ತಿದ್ದ ಆ್ಯಪ್‌ಗಳು ಅಧಿಕೃತ ಸ್ಟೋರ್‌ನಲ್ಲಿಯೇ ಲಭ್ಯವಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯವು ಬೆಂಗಳೂರಿನಲ್ಲಿ ಶೋಧ ನಡೆಸಿದಾಗ ಅದಕ್ಕೆ ಆಧಾರವಾಗಿದ್ದುದು ಬೆಂಗಳೂರು ನಗರದ ಸೈಬರ್ ಅಪರಾಧ ಠಾಣೆಯಲ್ಲಿ ದಾಖಲಾದ 18 ಪ್ರಥಮ ವರ್ತಮಾನ ವರದಿಗಳು. ಗೂಗಲ್ ಸಂಸ್ಥೆಯು 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ 2,500ಕ್ಕೂ ಹೆಚ್ಚು, 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ತೆಗೆದುಹಾಕಿತೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿದೆ.

ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ಇಷ್ಟು ಆ್ಯಪ್‌ಗಳನ್ನು ತೆಗೆಯಲಾಯಿತು ಎಂಬುದು ಒಂದು. ತೆಗೆಯಬೇಕಾದರೆ ಅವೆಲ್ಲವೂ ಒಮ್ಮೆ ಪರಿಶೀಲನೆಯನ್ನು ದಾಟಿ ಒಳಗೆ ಬಂದಿದ್ದವು ಎಂಬುದು ಇನ್ನೊಂದು.

ಪರಿಶೀಲಕರ ಮೇಲಿನ ಹೊರೆಯೂ ಕಡಿಮೆಯಲ್ಲ. ನಿಯಮ ಉಲ್ಲಂಘಿಸಿದ 23.6 ಲಕ್ಷ ಆ್ಯಪ್‌ಗಳು ಪ್ರಕಟವಾಗದಂತೆ 2024ರಲ್ಲಿ ತಡೆದುದಾಗಿಯೂ 1.58 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ನಿಷೇಧಿಸಿದುದಾಗಿಯೂ ಗೂಗಲ್ ಪ್ರಕಟಿಸಿದೆ. ಈ ಪ್ರಮಾಣದ ಕೆಲಸವನ್ನು ಕೇವಲ ಮನುಷ್ಯರಿಂದ ಮಾಡಿಸಲಾಗದು. ಮೊದಲ ಹಂತದ ಜರಡಿಯನ್ನು ಯಂತ್ರವೇ ಹಿಡಿಯುತ್ತದೆ.

ಕಾರಣ ತಿಳಿಯದ ತಿರಸ್ಕಾರ

ವಿಳಂಬಕ್ಕಿಂತ ದೊಡ್ಡ ದೂರು ಕಾರಣದ ಬಗ್ಗೆ ಇದೆ. ಆಪಲ್ ಸಂಸ್ಥೆಯು ಸಲ್ಲಿಕೆಗಳ ಪೈಕಿ ಸರಾಸರಿ ಶೇಕಡಾ 90ರಷ್ಟನ್ನು 24 ಗಂಟೆಯೊಳಗೆ ಪರಿಶೀಲಿಸುವುದಾಗಿ ಹೇಳುತ್ತದೆ. ವೇಗದ ದೃಷ್ಟಿಯಿಂದ ಇದು ಯಾವುದೇ ಸರ್ಕಾರಿ ಕಚೇರಿಯೂ ಅಸೂಯೆಪಡುವಂತಹ ಅಂಕಿ. ಆದರೆ ಅದೇ ಸಂಸ್ಥೆಯ 2022ನೇ ಸಾಲಿನ ಪಾರದರ್ಶಕತಾ ವರದಿಯ ಪ್ರಕಾರ ಆ ವರ್ಷ ಪರಿಶೀಲಿಸಿದ ಸಲ್ಲಿಕೆಗಳು ಸುಮಾರು 61 ಲಕ್ಷ. ತಿರಸ್ಕೃತವಾದವು ಸುಮಾರು 16.8 ಲಕ್ಷ, ಒಮ್ಮೆ ತಿರಸ್ಕೃತವಾಗಿ ನಂತರ ಅನುಮೋದನೆ ಪಡೆದ ಆ್ಯಪ್‌ಗಳು ಸುಮಾರು 2.5 ಲಕ್ಷ. ಅಂದರೆ ನಾಲ್ಕು ಸಲ್ಲಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಹಿಂದಿರುಗುತ್ತದೆ. ಈ ವರದಿಯೂ ತಾನಾಗಿಯೇ ಬಂದದ್ದಲ್ಲ. ಅಮೆರಿಕದ ಸಣ್ಣ ಡೆವಲಪರ್‌ಗಳು ನ್ಯಾಯಾಲಯದಲ್ಲಿ ಹೂಡಿದ ದಾವೆಯು 2021ರ ಆಗಸ್ಟ್‌ನಲ್ಲಿ ರಾಜಿಯಾದಾಗ ವಾರ್ಷಿಕ ವರದಿ ಪ್ರಕಟಿಸಲು ಆಪಲ್ ಒಪ್ಪಿಕೊಂಡಿತು.

ಹಿಂದಿರುಗಿದ ಸಲ್ಲಿಕೆಯೊಂದಿಗೆ ಬರುವ ಪತ್ರದಲ್ಲಿ ಸಾಮಾನ್ಯವಾಗಿ ನಿಯಮದ ಸಂಖ್ಯೆ ಮತ್ತು ಅದರ ಪಠ್ಯ ಇರುತ್ತದೆ. ಆ್ಯಪ್‌ನ ಯಾವ ಪುಟದಲ್ಲಿ, ಯಾವ ವಾಕ್ಯದಲ್ಲಿ ದೋಷ ಕಂಡಿತು ಎಂಬುದು ಕೆಲವೊಮ್ಮೆ ಇರುತ್ತದೆ, ಹಲವು ವೇಳೆ ಇರುವುದಿಲ್ಲ. ನಮ್ಮ ಯುವಕನ ಆ್ಯಪ್ ಅನ್ನೇ ತೆಗೆದುಕೊಳ್ಳಿ. ಕಾಲುವೆಯ ನೀರು ಬಿಡುವ ವಿವರವು ಸರ್ಕಾರಿ ಮಾಹಿತಿ. ಸರ್ಕಾರಿ ಮಾಹಿತಿಯನ್ನು ನೀಡುವ ಖಾಸಗಿ ಆ್ಯಪ್ ಅದರ ಮೂಲವನ್ನು ಸ್ಪಷ್ಟವಾಗಿ ತೋರಿಸಬೇಕು, ತಾನು ಸರ್ಕಾರದ ಪ್ರತಿನಿಧಿಯಲ್ಲ ಎಂದೂ ತಿಳಿಸಬೇಕು ಎಂಬುದು ಪ್ಲೇ ಸ್ಟೋರ್‌ನ ನಿಯಮ. ಇದು ಅತ್ಯಂತ ಯೋಗ್ಯವಾದ ನಿಯಮ. ಆದರೆ 'ದಾರಿ ತಪ್ಪಿಸುವ ಹೇಳಿಕೆ' ಎಂಬ ಒಂದು ಸಾಲಿನ ಕಾರಣದೊಂದಿಗೆ ಆ್ಯಪ್ ಹಿಂದಿರುಗಿದರೆ, ಮೂಲದ ಕೊಂಡಿ ಇಲ್ಲದಿರುವುದು ತಪ್ಪೋ, ಹೆಸರಿನಲ್ಲಿ ನಿಗಮದ ಹೆಸರು ಸೇರಿದ್ದು ತಪ್ಪೋ, ಚಿಹ್ನೆ ತಪ್ಪೋ ಎಂದು ಆತನು ಒಂದೊಂದಾಗಿ ಬದಲಾಯಿಸಿ ಮತ್ತೆ ಮತ್ತೆ ಸಲ್ಲಿಸಬೇಕಾಗುತ್ತದೆ. 'ದಾಖಲೆ ಅಪೂರ್ಣ' ಎಂಬ ಹಿಂಬರಹದೊಂದಿಗೆ ಅರ್ಜಿ ವಾಪಸ್ ಪಡೆದು, ಯಾವ ದಾಖಲೆ ಎಂದು ತಿಳಿಯದೆ ಎರಡನೆಯ ಬಾರಿ ಹುಣಸಗಿಗೆ ಬಸ್ ಹತ್ತುವ ಅರ್ಜಿದಾರನ ಸ್ಥಿತಿಯೂ ಇದೇ.

ಖಾತೆಯೇ ರದ್ದಾದರೆ ಸಂಕಟ ಇನ್ನೂ ಹೆಚ್ಚು. ಹಿಂದೆ ನಿಷೇಧಿತವಾದ ಖಾತೆಯೊಂದಕ್ಕೆ ಸಂಬಂಧವಿದೆಯೆಂದು ಕಂಡುಬಂದ ಖಾತೆಗಳನ್ನೂ ರದ್ದುಪಡಿಸಲು ಗೂಗಲ್‌ನ ನಿಯಮದಲ್ಲಿ ಅವಕಾಶವಿದೆ. ನಿಷೇಧಿತರು ಹೊಸ ಹೆಸರಿನಲ್ಲಿ ಮರಳಿ ಬರುವುದನ್ನು ತಡೆಯಲು ಇದು ಬೇಕು. ಆದರೆ ಯಾವ ಆಧಾರದ ಮೇಲೆ ಸಂಬಂಧ ಕಲ್ಪಿಸಲಾಯಿತು ಎಂಬುದನ್ನು ಸಾಮಾನ್ಯವಾಗಿ ತಿಳಿಸಲಾಗುವುದಿಲ್ಲ. ಒಂದೇ ಗಣಕಯಂತ್ರವನ್ನು ಹಲವರು ಬಳಸುವ ತಾಲ್ಲೂಕು ಕೇಂದ್ರದ ತರಬೇತಿ ಕೊಠಡಿಗೆ ಈ ನಿಯಮವನ್ನು ಅನ್ವಯಿಸಿ ನೋಡಿದರೆ ಅದರ ತೂಕ ಅರ್ಥವಾಗುತ್ತದೆ.

ದೊಡ್ಡವರಿಗೂ ಈ ತೊಂದರೆ ತಪ್ಪಿದ್ದಲ್ಲ, ಆದರೆ ಅವರಿಗೆ ಬೇರೆ ಬಾಗಿಲುಗಳಿವೆ. 2024ರ ಮಾರ್ಚ್ 1ರಂದು ಶುಲ್ಕದ ವಿವಾದದಲ್ಲಿ ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಮುಂತಾದ ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಗೂಗಲ್ ತೆಗೆದುಹಾಕಿತು. ಕೇಂದ್ರ ಸಚಿವರು ಮಧ್ಯಪ್ರವೇಶಿಸಿದರು. ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಮರಳಿದವು. ವಾರಾಬಂದಿಯ ಆ್ಯಪ್ ಮಾಡಿದವನಿಗೆ ಸಚಿವರ ಮಟ್ಟದ ಸಭೆ ಕರೆಯುವವರು ಯಾರೂ ಇಲ್ಲ. ಆದುದರಿಂದಲೇ ಅವನಿಗೆ ನಿಯಮಬದ್ಧ ಕಾರ್ಯವಿಧಾನವು ದೊಡ್ಡವರಿಗಿಂತ ಹೆಚ್ಚು ಅಗತ್ಯ.

ಸಕಾಲ ಕಲಿಸಿದ್ದು

ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, 2011ರ ಅಡಿಯಲ್ಲಿ ಸಕಾಲ ಯೋಜನೆಯನ್ನು 2012ರ ಮಾರ್ಚ್ 1ರಂದು ಔರಾದ್, ಚಿತ್ರದುರ್ಗ, ಧಾರವಾಡ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿಯೂ, ಏಪ್ರಿಲ್ 2ರಿಂದ ರಾಜ್ಯಾದ್ಯಂತವೂ ಜಾರಿಗೆ ತರಲಾಯಿತು. ಆರಂಭದಲ್ಲಿ 11 ಇಲಾಖೆಗಳ 151 ಸೇವೆಗಳು ಇದರ ವ್ಯಾಪ್ತಿಯಲ್ಲಿದ್ದವು. ಅರ್ಜಿ ಸ್ವೀಕರಿಸಿದ ಕೂಡಲೇ 15 ಅಂಕಿಗಳ ಸ್ವೀಕೃತಿ ಸಂಖ್ಯೆ. ಪ್ರತಿ ಸೇವೆಗೂ ಗೊತ್ತುಪಡಿಸಿದ ಕಾಲಮಿತಿ. ಹೊಣೆಗಾರ ಅಧಿಕಾರಿ ಯಾರೆಂಬ ಸ್ಪಷ್ಟತೆ. ತಿರಸ್ಕರಿಸಿದರೆ ಲಿಖಿತ ಕಾರಣ. ಅದರ ಮೇಲೆ ಮೇಲ್ಮನವಿ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯ ವೇತನದಿಂದ.

ಇದಕ್ಕೂ ಮೊದಲು ಭೂಮಿ ಯೋಜನೆಯು ಒಂದು ಪಾಠ ಕಲಿಸಿತ್ತು. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದ ಆ ಯೋಜನೆಯಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶವನ್ನು ರೂಪಿಸಲಾಯಿತು. ಹಿಂದಿನ ಅರ್ಜಿಯನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ಅವಕಾಶವಿರಲಿಲ್ಲ. ಪ್ರಭಾವಕ್ಕೆ ಎಡೆಯಿಲ್ಲದಂತೆ ಮಾಡಲು ಸುತ್ತೋಲೆಗಿಂತ ಸರದಿಯೇ ಪರಿಣಾಮಕಾರಿಯಾಯಿತು.

ಸಕಾಲದ ಮಿತಿಯನ್ನೂ ಇಲ್ಲಿಯೇ ಹೇಳಬೇಕು. ದಿನದ ಲೆಕ್ಕವನ್ನು ಮಾತ್ರ ನೋಡಿದರೆ, ಕಾಲಮಿತಿ ಮುಗಿಯುವ ಮುನ್ನ ಏನಾದರೊಂದು ಕಾರಣ ಬರೆದು ಅರ್ಜಿಯನ್ನು ತಿರಸ್ಕರಿಸಿ, ವಿಲೇವಾರಿಯಾಯಿತೆಂದು ತೋರಿಸುವ ಪ್ರವೃತ್ತಿ ಬೆಳೆಯುತ್ತದೆ; ಸಾರ್ವಜನಿಕರಿಂದ ಈ ದೂರು ಕೇಳಿಬಂದಿದೆ. 24 ಗಂಟೆಯೊಳಗೆ ಶೇಕಡಾ 90 ಎಂಬ ಅಂಕಿಯನ್ನು ಓದುವಾಗಲೂ ಇದನ್ನು ನೆನಪಿಡಬೇಕು. ಕೆಲಸದ ಗುಣವನ್ನು ಅಳೆಯಬೇಕಾದರೆ ನೋಡಬೇಕಾದದ್ದು ಎರಡನೆಯ ಸಲ್ಲಿಕೆಯಲ್ಲಿ ಎಷ್ಟು ಅರ್ಜಿಗಳು ಅನುಮೋದನೆ ಪಡೆದವು, ಮೇಲ್ಮನವಿಯಲ್ಲಿ ಎಷ್ಟು ಆದೇಶಗಳು ಬದಲಾದವು ಎಂಬುದನ್ನು.

ಸರ್ಕಾರಿ ಸೇವೆಯು ನಾಗರಿಕರ ಹಕ್ಕು, ಖಾಸಗಿ ಸ್ಟೋರ್‌ನಲ್ಲಿ ಸ್ಥಳ ಪಡೆಯುವುದು ಹಕ್ಕಲ್ಲ. ಹಾಗಾಗಿ ಹೋಲಿಕೆ ಸಲ್ಲದು ಎಂಬ ಆಕ್ಷೇಪಣೆ ಬರಬಹುದು. ಕಾನೂನಿನ ದೃಷ್ಟಿಯಿಂದ ಇದು ಸರಿ. ಆದರೆ ಆ್ಯಂಡ್ರಾಯ್ಡ್ ಫೋನ್ ಇರುವ ರೈತನಿಗೆ ಬೆಳೆ ಸಮೀಕ್ಷೆಯ ಆ್ಯಪ್ ದೊರೆಯುವ ಸಾಮಾನ್ಯ ಮಾರ್ಗ ಒಂದೇ ಆಗಿರುವಾಗ, ಆ ಮಾರ್ಗದ ಬಾಗಿಲು ಕಾಯುವವರು ಕೇವಲ ಅಂಗಡಿಯ ಮಾಲೀಕರಾಗಿ ಉಳಿಯುವುದಿಲ್ಲ. ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದುದು: ಕಾರಣವನ್ನು ವಿವರವಾಗಿ ಹೇಳಿದರೆ ಮೋಸಗಾರರು ಅದನ್ನೇ ಬಳಸಿ ನುಸುಳುತ್ತಾರೆ. ದೋಷ ಎಲ್ಲಿದೆ ಎಂದು ತೋರಿಸುವುದು ಬೇರೆ, ದೋಷವನ್ನು ಪತ್ತೆ ಹಚ್ಚಿದ ಬಗೆಯನ್ನು ಬಹಿರಂಗಪಡಿಸುವುದು ಬೇರೆ. ಮೊದಲನೆಯದನ್ನು ಅರ್ಜಿದಾರರಿಗೆ ತಿಳಿಸಿ ಎರಡನೆಯದನ್ನು ಗೋಪ್ಯವಾಗಿಡಲು ಯಾವ ಅಡ್ಡಿಯೂ ಇಲ್ಲ.

ಕಾನೂನಿನ ಸ್ಥಿತಿ

ಯುರೋಪಿನ ಒಕ್ಕೂಟವು 2019ರಲ್ಲಿ ಮಾಡಿದ ನಿಯಮವೊಂದು 2020ರ ಜುಲೈ 12ರಿಂದ ಅನ್ವಯವಾಯಿತು. ಅದರಂತೆ ಆನ್‌ಲೈನ್ ವೇದಿಕೆಗಳು ವ್ಯಾಪಾರಿಯ ಸೇವೆಯನ್ನು ನಿರ್ಬಂಧಿಸಿದಾಗ ಕಾರಣಗಳ ವಿವರಣೆ ನೀಡಬೇಕು, ಪೂರ್ಣವಾಗಿ ರದ್ದುಪಡಿಸುವುದಾದರೆ ಸಾಮಾನ್ಯವಾಗಿ 30 ದಿನ ಮುಂಚಿತವಾಗಿ ತಿಳಿಸಬೇಕು, ಒಳಗಿನ ದೂರು ವ್ಯವಸ್ಥೆಯೊಂದನ್ನು ಹೊಂದಿರಬೇಕು. ಸಕಾಲದ ಆಶಯಗಳೇ ಇಲ್ಲಿ ಖಾಸಗಿ ಕಂಪನಿಗಳಿಗೆ ಅನ್ವಯವಾಗಿರುವುದನ್ನು ಓದುಗರು ಗಮನಿಸಬಹುದು.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳು, 2021ರಂತೆ ಮಧ್ಯವರ್ತಿ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ ನೀಡಿ ನಿಗದಿತ ಅವಧಿಯೊಳಗೆ ಇತ್ಯರ್ಥಪಡಿಸಬೇಕು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಮೂರು ಕುಂದುಕೊರತೆ ಮೇಲ್ಮನವಿ ಸಮಿತಿಗಳನ್ನು 2023ರ ಜನವರಿಯಲ್ಲಿ ರಚಿಸಲಾಯಿತು. ಅವು ಮಾರ್ಚ್ 1ರಿಂದ ಕಾರ್ಯಾರಂಭ ಮಾಡಿದವು. ಈ ವ್ಯವಸ್ಥೆಯನ್ನು ರೂಪಿಸಿದ್ದು ಪ್ರಧಾನವಾಗಿ ಸಾಮಾನ್ಯ ಬಳಕೆದಾರರ ದೂರುಗಳನ್ನು ಗಮನದಲ್ಲಿಟ್ಟುಕೊಂಡು. ಆ್ಯಪ್ ತಿರಸ್ಕಾರಕ್ಕೆ ಕಾರಣ ನೀಡುವ ವಿಧಾನ, ಪರಿಶೀಲನೆಯ ಕಾಲಮಿತಿ ಇತ್ಯಾದಿಗಳನ್ನು ಅದು ಪ್ರತ್ಯೇಕವಾಗಿ ಹೇಳುವುದಿಲ್ಲ. ಡೆವಲಪರ್‌ಗಳ ಅಗತ್ಯಕ್ಕೆ ತಕ್ಕಂತೆ ಇದನ್ನು ವಿಸ್ತರಿಸುವುದು ಹೊಸ ಕಾನೂನು ಮಾಡುವುದಕ್ಕಿಂತ ಸುಲಭವಾದ ದಾರಿಯೆಂದು ತೋರುತ್ತದೆ.

ಪರ್ಯಾಯ ಸ್ಟೋರ್‌ಗಳ ಪ್ರಯತ್ನವೂ ನಡೆದಿದೆ. ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ ಮೊಬೈಲ್ ಸೇವಾ ಆ್ಯಪ್ ಸ್ಟೋರ್‌ನಲ್ಲಿ 965 ಆ್ಯಪ್‌ಗಳಿದ್ದವೆಂದು 2021ರಲ್ಲಿ ಸರ್ಕಾರ ತಿಳಿಸಿತ್ತು. ಬೆಂಗಳೂರಿನ ಫೋನ್‌ಪೇ ಸಂಸ್ಥೆಯು 2024ರ ಫೆಬ್ರವರಿ 21ರಂದು ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಇಂಡಸ್ ಆ್ಯಪ್ ಸ್ಟೋರ್ ಆರಂಭಿಸಿತು. ಕನ್ನಡದಲ್ಲಿ ಹುಡುಕಿದರೆ ಕನ್ನಡದ ಆ್ಯಪ್ ಸಿಗುವುದು ನಾರಾಯಣಪುರದಂತಹ ಊರಿಗೆ ಸಣ್ಣ ವಿಷಯವಲ್ಲ. ಆದಾಗ್ಯೂ ಜನರ ಫೋನಿನಲ್ಲಿ ಮೊದಲೇ ಇರುವ ಸ್ಟೋರ್ ಯಾವುದೋ ಜನ ಅಲ್ಲಿಗೇ ಹೋಗುತ್ತಾರೆ.

ಸಾರ್ವಜನಿಕರ ಗಮನಕ್ಕೆ

ಬೆಳೆ ಸಮೀಕ್ಷೆಯ ವಿವರಗಳನ್ನು 2020ರ ಮುಂಗಾರಿನಿಂದ ರೈತರೇ ಸ್ವತಃ ಆ್ಯಪ್ ಮೂಲಕ ಅಪ್‌ಲೋಡ್ ಮಾಡಲು ಅವಕಾಶ ಕಲ್ಪಿಸಲಾಗಿದೆ. ಬೆಳೆ ವಿಮೆ, ಬೆಳೆ ನಷ್ಟ ಪರಿಹಾರ, ಬೆಂಬಲ ಬೆಲೆಯ ಖರೀದಿ ಮುಂತಾದವುಗಳಿಗೆ ಈ ವಿವರಗಳನ್ನು ಬಳಸುವುದರಿಂದ ಸರಿಯಾದ ಆ್ಯಪನ್ನು ಗೊತ್ತುಪಡಿಸಿದ ಅವಧಿಯೊಳಗೆ ಬಳಸುವುದು ಅವಶ್ಯಕ. ದಾಖಲಾದ ಬೆಳೆ ವಿವರದಲ್ಲಿ ತಪ್ಪಿದ್ದಲ್ಲಿ 'ಬೆಳೆ ದರ್ಶಕ' ಆ್ಯಪ್ ಮೂಲಕ ಆಕ್ಷೇಪಣೆ ಸಲ್ಲಿಸಬಹುದು.

ಸರ್ಕಾರಿ ಆ್ಯಪ್‌ಗಳನ್ನು ಗುರುತಿಸಲು ಪ್ಲೇ ಸ್ಟೋರ್‌ನಲ್ಲಿ 2024ರಿಂದ ಪ್ರತ್ಯೇಕ ಗುರುತಿನ ಪಟ್ಟಿಯನ್ನು ನೀಡಲಾಗುತ್ತಿದೆ. ಭಾರತವೂ ಈ ವ್ಯವಸ್ಥೆಯಲ್ಲಿ ಸೇರಿದೆ. ಆ ಗುರುತು ಕಾಣದಿದ್ದಲ್ಲಿ ಸಂಬಂಧಪಟ್ಟ ಇಲಾಖೆಯ ಜಾಲತಾಣದಲ್ಲಿರುವ ಕೊಂಡಿಯಿಂದಲೇ ಆ್ಯಪ್ ಪಡೆಯುವುದು ಸೂಕ್ತ. ಸಾಲದ ಆ್ಯಪ್ ಬಳಸುವ ಮುನ್ನ, 2025ರ ಜುಲೈ 1ರಿಂದ ಭಾರತೀಯ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಲಭ್ಯವಿರುವ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಆ್ಯಪ್ ಸಲ್ಲಿಸುವ ಯುವಕರು ಮಾಹಿತಿಯ ಮೂಲವನ್ನು ಮೊದಲ ಪುಟದಲ್ಲಿಯೇ ನಮೂದಿಸಿ, ಇಲಾಖೆಯ ಚಿಹ್ನೆಯನ್ನು ಬಳಸದೆ, ಅನಗತ್ಯ ಅನುಮತಿಗಳನ್ನು ಕೇಳದೆ ಸಲ್ಲಿಸಿದಲ್ಲಿ ತಿರಸ್ಕಾರದ ಸಂಭವ ಕಡಿಮೆ. ಪರಿಶೀಲಕರಿಗಾಗಿ ಇರುವ ಟಿಪ್ಪಣಿಯ ಜಾಗದಲ್ಲಿ ಆ್ಯಪ್‌ನ ಉದ್ದೇಶವನ್ನು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯಗಳಲ್ಲಿ ಬರೆಯುವುದು ಒಳ್ಳೆಯದು; ಕನ್ನಡದ ಪುಟಗಳನ್ನು ನೋಡುವವರಿಗೆ ಕನ್ನಡ ಬರುತ್ತದೆಯೆಂಬ ಖಾತರಿಯಿಲ್ಲ. ತಿರಸ್ಕೃತವಾದಲ್ಲಿ ಪತ್ರವನ್ನು ದಿನಾಂಕ ಸಹಿತ ಉಳಿಸಿಕೊಂಡು, ಹೊಸ ಖಾತೆ ತೆರೆಯಲು ಯತ್ನಿಸದೆ, ಅದೇ ಖಾತೆಯಿಂದ ಮೇಲ್ಮನವಿ ಸಲ್ಲಿಸಬೇಕು. ನೀರು ಬಿಡುವ ದಿನಗಳಂತಹ ಬದಲಾಗುವ ವಿವರಗಳನ್ನು ಆ್ಯಪ್‌ನೊಳಗೆ ಬರೆದಿಡದೆ ಸರ್ವರ್‌ನಿಂದ ಪಡೆಯುವಂತೆ ರೂಪಿಸಿದರೆ, ವೇಳಾಪಟ್ಟಿ ಬದಲಾದಾಗಲೆಲ್ಲ ಹೊಸ ಆವೃತ್ತಿಯನ್ನು ಪರಿಶೀಲನೆಗೆ ಕಳುಹಿಸಿ ಕಾಯುವ ಅಗತ್ಯ ಬರುವುದಿಲ್ಲ.